ಬೇಲಂ ಬಿಲದಿಂದ ಕಾಶಿಗೆ ದಾರಿ ಇದೆಯೇ? ನ್ಯಾಮತಿಯ ಕಲ್ಲು, ಕರ್ನೂಲಿನ ಎಲುಬು ಮತ್ತು ರಾಬರ್ಟ್ ಬ್ರೂಸ್ ಫೂಟ್

ರಜೆ ಹತ್ತಿರ ಬಂತೆಂದರೆ ಬೇಲಂ ಗುಹೆಯ ವಿಡಿಯೊಗಳು ಗ್ರೂಪಿನಿಂದ ಗ್ರೂಪಿಗೆ ಓಡಾಡುತ್ತವೆ. ದಾವಣಗೆರೆ, ಹರಿಹರದ ಹುಡುಗರು ಬಳ್ಳಾರಿ, ಗುಂತಕಲ್ಲು, ತಾಡಪತ್ರಿ ದಾಟಿ ಅಲ್ಲಿಗೆ ಹೋಗಿಬರುವುದು ಈಗ ಮಾಮೂಲು. ವಿಡಿಯೊ ಜೊತೆಗೆ ಬರುವ ಬರಹಗಳಲ್ಲಿ ಸಾಮಾನ್ಯವಾಗಿ ಮೂರು ಮಾತು ಇರುತ್ತವೆ. ಈ ಬಿಲಕ್ಕೆ ತಳವೇ ಇಲ್ಲ ಎಂಬುದು ಒಂದು. ಒಳಗಿನ ಪಾತಾಳಗಂಗೆ ನೆಲದಡಿಯಲ್ಲೇ ಹರಿದು ಕಾಶಿ ಸೇರುತ್ತದೆ ಎಂಬುದು ಎರಡನೆಯದು. 1884ರಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬ ಇದನ್ನು ಕಂಡುಹಿಡಿದ ಎಂಬುದು ಮೂರನೆಯದು.

ಮೊದಲನೆಯದು ಸುಳ್ಳು. ಬೇಲಂನ ಅತಿ ಆಳದ ಜಾಗ ಬಾಗಿಲಿನ ಮಟ್ಟದಿಂದ ಸುಮಾರು 46 ಮೀಟರ್ ಕೆಳಗಿದೆ, ಅಳೆದಿರುವ ಒಟ್ಟು ಉದ್ದ 3,229 ಮೀಟರ್. ಎರಡನೆಯದರ ವಿಷಯಕ್ಕೆ ಆಮೇಲೆ ಬರೋಣ, ಯಾಕೆಂದರೆ ಅದರ ಅಸಲಿ ರೂಪ ಫಾರ್ವರ್ಡಿಗಿಂತ ಚೆನ್ನಾಗಿದೆ. ಮೂರನೆಯದು ಅರ್ಧ ಸತ್ಯ. ಅಧಿಕಾರಿ ಇದ್ದದ್ದು ನಿಜ, 1884 ಕೂಡ ನಿಜ. ಆದರೆ ಕಂಡುಹಿಡಿದದ್ದಲ್ಲ. ಬಿಲ ಇರುವುದು ಊರವರಿಗೆ ಮೊದಲೇ ಗೊತ್ತಿತ್ತು, ಊರಿಗೆ ಹೆಸರು ಬಂದದ್ದೇ ಅದರಿಂದ. ಬಿಲಂ ಎಂದರೆ ತೆಲುಗಿನಲ್ಲಿಯೂ ನಮ್ಮ ಕನ್ನಡದ ಬಿಲವೇ. ಆ ಅಧಿಕಾರಿ ಮಾಡಿದ್ದು ಅದನ್ನು ವಿಜ್ಞಾನದ ದಾಖಲೆಗೆ ಸೇರಿಸಿದ್ದು. ಅವರ ಹೆಸರು ರಾಬರ್ಟ್ ಬ್ರೂಸ್ ಫೂಟ್.

ಇವರ ಹೆಸರು ನಮ್ಮ ಕಡೆಗೂ ಸಂಬಂಧಿಸಿದ್ದು. ಈಗ ದಾವಣಗೆರೆ ಜಿಲ್ಲೆಯ ತಾಲ್ಲೂಕಾಗಿರುವ ನ್ಯಾಮತಿಯಲ್ಲಿ ಹಳೆ ಶಿಲಾಯುಗದ ಕಲ್ಲಿನ ಉಪಕರಣಗಳನ್ನು ಗುರುತಿಸಿದವರು ಇವರೇ. ಆಗ ನ್ಯಾಮತಿ ಶಿವಮೊಗ್ಗಕ್ಕೆ ಸೇರಿತ್ತು. ಹೊನ್ನಾಳಿ ಸೀಮೆಯ ಚಿನ್ನದ ನೆಲವನ್ನೂ ನೋಡಿದ್ದರು. ಮೈಸೂರಿನ ಚಿನ್ನದ ಸೀಮೆಗಳಲ್ಲಿ ಸಂಚರಿಸಿ ಅವರು ಬರೆದ ಟಿಪ್ಪಣಿ 1882ರಲ್ಲಿ ಅಚ್ಚಾಯಿತು. ನಮ್ಮ ನೆಲದಲ್ಲಿ ಕಲ್ಲು ಸಿಕ್ಕಿತು, ಎಲುಬು ಸಿಗಲಿಲ್ಲ. ಕರ್ನೂಲಿನ ಬಿಲದಲ್ಲಿ ಎಲುಬು ರಾಶಿ ರಾಶಿ ಸಿಕ್ಕಿತು. ಈ ವ್ಯತ್ಯಾಸ ಯಾಕೆ ಎಂಬುದನ್ನು ಹಿಡಿದು ಹೊರಟರೆ ಅವರ ಬದುಕಿನ ಕಥೆಯೂ ಸಿಗುತ್ತದೆ, ಪಾತಾಳಗಂಗೆಯ ಉತ್ತರವೂ ಸಿಗುತ್ತದೆ.

ಪರೇಡ್ ಮೈದಾನದ ಗುಂಡಿ

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರಲ್ಲಿ, 24ನೇ ವಯಸ್ಸಿಗೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಕೆಲಸಕ್ಕೆ ಸೇರಿ ಮದ್ರಾಸಿಗೆ ಬಂದರು. ಸರ್ಕಾರ ಇಂಥವರಿಗೆ ಸಂಬಳ ಕೊಡುತ್ತಿದ್ದದ್ದು ಕಲ್ಲಿದ್ದಲು, ಕಬ್ಬಿಣ, ಚಿನ್ನ ಎಲ್ಲಿದೆ ನೋಡಿ ನಕ್ಷೆ ಮಾಡಲಿ ಎಂದು. ಕುದುರೆ, ಡೇರೆ, ಸುತ್ತಿಗೆ, ನೋಟ್‌ಪುಸ್ತಕ, ಇಷ್ಟೇ ಸಂಸಾರ.

ಅವರು ಇಲ್ಲಿಗೆ ಬಂದ ಮರುವರ್ಷ, 1859ರಲ್ಲಿ, ಯುರೋಪಿನಲ್ಲಿ ಒಂದು ದೊಡ್ಡ ಜಗಳ ಇತ್ಯರ್ಥವಾಯಿತು. ಫ್ರಾನ್ಸಿನ ಸೋಮ್ ನದಿಯ ಜಲ್ಲಿಕಲ್ಲಿನ ರಾಶಿಯಲ್ಲಿ, ಅಳಿದುಹೋದ ಪ್ರಾಣಿಗಳ ಎಲುಬಿನ ಜೊತೆಯಲ್ಲೇ ಮನುಷ್ಯ ಮಾಡಿದ ಕಲ್ಲಿನ ಕೊಡಲಿಗಳಿವೆ ಎಂದು ವಿಜ್ಞಾನಿಗಳು ಒಪ್ಪಿಕೊಂಡರು. ಮನುಷ್ಯನ ವಯಸ್ಸು ಕೆಲವೇ ಸಾವಿರ ವರ್ಷ ಎಂಬ ನಂಬಿಕೆ ಅಲ್ಲಿಗೆ ಮುರಿಯಿತು. ಈ ಸುದ್ದಿ ಓದಿಕೊಂಡಿದ್ದ ಫೂಟ್ ಕಣ್ಣು ನೆಲದ ಮೇಲೇ ಇತ್ತು.

1863ರ ಮೇ 30. ಮದ್ರಾಸಿನ ಹೊರಗಿನ ಪಲ್ಲಾವರಂನಲ್ಲಿ, ಸೇನೆಯ ಪರೇಡ್ ಮೈದಾನದ ಪಕ್ಕ, ಕೆಂಪು ಮುರಕಲ್ಲಿನ ಜಲ್ಲಿ ತೆಗೆದ ಗುಂಡಿಯೊಂದರಲ್ಲಿ ಅವರಿಗೆ ಕೈಯಲ್ಲಿ ಹಿಡಿದು ಬಳಸುವ ಕಲ್ಲಿನ ಕೊಡಲಿ ಸಿಕ್ಕಿತು. ನೂರಾರು ಜನ ದಿನಾ ಓಡಾಡುತ್ತಿದ್ದ ಜಾಗ ಅದು. ಅದೇ ವರ್ಷ ಸಹೋದ್ಯೋಗಿ ವಿಲಿಯಂ ಕಿಂಗ್ ಜೊತೆ ಅತ್ತಿರಂಪಾಕ್ಕಂನಲ್ಲಿ ಇಂಥವೇ ಇನ್ನೂ ಎಷ್ಟೋ ದೊರೆತವು. ಭಾರತದಲ್ಲಿ ಹಳೆ ಶಿಲಾಯುಗ ಇತ್ತು ಎಂಬುದಕ್ಕೆ ಇದೇ ಮೊದಲ ಗಟ್ಟಿ ಸಾಕ್ಷ್ಯ. ಎಷ್ಟು ಹಳೆಯದು ಎಂದು ಅಳೆಯುವ ಸಾಧನ ಫೂಟ್ ಬಳಿ ಇರಲಿಲ್ಲ. 2011ರಲ್ಲಿ ಶಾಂತಿ ಪಪ್ಪು ಮತ್ತು ಸಂಗಡಿಗರು ಅತ್ತಿರಂಪಾಕ್ಕಂನ ಅತಿ ಹಳೆಯ ಉಪಕರಣಗಳಿಗೆ ಸುಮಾರು 15 ಲಕ್ಷ ವರ್ಷ ಎಂದು ಲೆಕ್ಕ ಕೊಟ್ಟರು.

ಅಲ್ಲಿಂದ ಮುಂದೆ ಫೂಟ್ ಬದುಕೆಲ್ಲ ಹೆಚ್ಚುಕಡಿಮೆ ನಮ್ಮ ಸೀಮೆಯದೇ. ಬೆಳಗಾವಿ, ಕಲಾದಗಿ, ಧಾರವಾಡ, ಬಳ್ಳಾರಿ, ರಾಯಚೂರು ಸುತ್ತಿದರು. ಗೋಕಾಕದ ಹತ್ತಿರ ಘೇಂಡಾಮೃಗದ ಪಳೆಯುಳಿಕೆ ಕಂಡು 1874ರಲ್ಲಿ ಅದರ ಬಗ್ಗೆ ಬರೆದರು. ಹೌದು, ಗೋಕಾಕದಲ್ಲಿ ಒಂದು ಕಾಲಕ್ಕೆ ಘೇಂಡಾಮೃಗ ಇತ್ತು. ಇದು ಫಾರ್ವರ್ಡ್ ಅಲ್ಲ. ದಖ್ಖನಿನ ಹಳೆಯ ಪದರಗಲ್ಲುಗಳನ್ನು ಬೇರೆ ಮಾಡಿ ಅವಕ್ಕೆ ಧಾರವಾಡದ ಹೆಸರಿಟ್ಟವರೂ ಅವರೇ. ಇವತ್ತು ಜಗತ್ತಿನ ಯಾವ ಮೂಲೆಯ ಭೂವಿಜ್ಞಾನಿಗೆ ಧಾರವಾಡ ಎಂದರೂ ಮೊದಲು ನೆನಪಾಗುವುದು ಪೇಡೆಯಲ್ಲ, ಆ ಕಲ್ಲು.

ಅಡುಗೆಮನೆಯ ಕಡಪ ಕಲ್ಲು

ನಮ್ಮಲ್ಲಿ ಯಾಕೆ ಬೇಲಂನಂಥ ಬಿಲ ಇಲ್ಲ? ಉತ್ತರ ನಿಮ್ಮ ಅಡುಗೆಮನೆಯಲ್ಲಿದೆ. ಹಳೆಯ ಮನೆಯಾದರೆ ಒಲೆ ಕಟ್ಟೆಗೆ ಕಪ್ಪು ಕಡಪ ಕಲ್ಲು ಹಾಕಿರುತ್ತಾರೆ. ಅದರ ಮೇಲೆ ನಿಂಬೆಹಣ್ಣಿನ ಹೋಳು ಇಟ್ಟು ಮರೆತರೆ ಬೆಳ್ಳಗೆ ಕಲೆಯಾಗುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅದು ಕೊಳೆಯಲ್ಲ. ಹುಳಿ ಕಲ್ಲನ್ನೇ ತಿಂದ ಗುರುತು. ಕಡಪ ಕಲ್ಲು ಸುಣ್ಣಕಲ್ಲು, ಬೇಲಂ ಬಿಲ ಇರುವ ಕರ್ನೂಲು ಸೀಮೆಯ ಸುಣ್ಣಕಲ್ಲಿನ ಬಳಗದ್ದೇ. ಪಕ್ಕದ ಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಅದೇ ನಿಂಬೆ ಇಟ್ಟರೆ ಹೀಗೆ ಆಗುವುದಿಲ್ಲ.

ಮಳೆನೀರು ಗಾಳಿಯಲ್ಲಿನ, ಅದಕ್ಕಿಂತ ಹೆಚ್ಚಾಗಿ ಮಣ್ಣಿನಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ನಿಂಬೆಯ ಹುಳಿಯ ಮುಂದೆ ಅದು ಏನೂ ಅಲ್ಲ. ಆದರೆ ಅದಕ್ಕೆ ಸಮಯ ಬೇಕಾದಷ್ಟಿದೆ. ಸುಣ್ಣಕಲ್ಲಿನ ಬಿರುಕಿನಲ್ಲಿ ಇಳಿಯುತ್ತ ಸಾವಿರಾರು, ಲಕ್ಷಾಂತರ ವರ್ಷ ಅದನ್ನು ಕರಗಿಸುತ್ತದೆ. ಬಿರುಕು ಸಂದಿಯಾಗುತ್ತದೆ, ಸಂದಿ ಗುಹೆಯಾಗುತ್ತದೆ. ಚಾವಣಿ ತೆಳ್ಳಗಾಗಿ ಕುಸಿದರೆ ಮೇಲಿನಿಂದ ನೋಡುವವರಿಗೆ ಬಾವಿಯಂಥ ಗುಂಡಿ ಕಾಣುತ್ತದೆ. ಬೇಲಂನಲ್ಲಿ ಬಯಲಿನ ನಡುವೆ ಇರುವುದು ಇಂಥ ಮೂರು ಗುಂಡಿಗಳು. ನಡುವಿನದೇ ಇವತ್ತಿನ ಬಾಗಿಲು. ಸುಮಾರು 20 ಮೀಟರ್ ಕೆಳಗಿಳಿದ ಮೇಲೆ ಗುಹೆ ಅಡ್ಡಡ್ಡ ಸಾಗುತ್ತದೆ.

ದಾವಣಗೆರೆ, ಹರಿಹರದ ಸುತ್ತ ಇರುವುದು ಗ್ರಾನೈಟ್, ನೈಸ್ ಮತ್ತು ಫೂಟ್ ಹೆಸರಿಟ್ಟ ಧಾರವಾಡದ ಕಲ್ಲುಗಳು. ಈ ಧಾರವಾಡದ ಕಲ್ಲುಗಳ ನಡುವೆ ಅಲ್ಲಲ್ಲಿ ಸುಣ್ಣಕಲ್ಲಿನ ಪಟ್ಟಿಗಳಿದ್ದರೂ ಕರ್ನೂಲಿನ ಹಾಗೆ ಮಟ್ಟಸವಾಗಿ ಮೈಲಿಗಟ್ಟಲೆ ಹಾಸಿಕೊಂಡಿಲ್ಲ. ಹಾಗಾಗಿ ನಮ್ಮೂರಿನ ರಸ್ತೆಯಲ್ಲಿ ರಾತ್ರೋರಾತ್ರಿ ಗುಂಡಿ ಬಿದ್ದ ಫೋಟೊಕ್ಕೆ ಭೂಮಿ ಬಾಯಿಬಿಟ್ಟಿತು ಎಂದು ಬರೆದು ಕಳಿಸುವ ಮೊದಲು ಒಡೆದ ನೀರಿನ ಪೈಪು, ಒಳಚರಂಡಿ, ಸರಿಯಾಗಿ ಮುಚ್ಚದ ಹಳೆಯ ಬಾವಿ, ಈ ಮೂರನ್ನು ಅನುಮಾನಿಸಿ. ಮಣ್ಣು ಕೊಚ್ಚಿಹೋಗಿ ಆಗುವ ಕುಸಿತ ಅದು, ಕಲ್ಲು ಕರಗಿದ್ದಲ್ಲ.

ಸುಣ್ಣಕಲ್ಲಿಗೆ ಇನ್ನೊಂದು ಗುಣವಿದೆ. ಎಲುಬಿನಲ್ಲಿರುವುದೂ ಸುಣ್ಣದ ಅಂಶವೇ. ನಮ್ಮ ಕೆಂಪು ಮಣ್ಣು ಬಹುಮಟ್ಟಿಗೆ ಹುಳಿ ಗುಣದ್ದು. ಮಳೆನೀರು ಸೇರಿ ಎಲುಬನ್ನು ಕ್ರಮೇಣ ಕರಗಿಸಿಬಿಡುತ್ತದೆ. ನ್ಯಾಮತಿಯಲ್ಲಿ ಕಲ್ಲು ಉಳಿದು, ಅದನ್ನು ಹಿಡಿದಿದ್ದವರ ಒಂದು ಹಲ್ಲೂ ಉಳಿಯದಿದ್ದದ್ದು ಹೀಗೆ. ಸುಣ್ಣದ ಗುಹೆಯ ನೆಲ ಮಾತ್ರ ಎಲುಬನ್ನು ಕಾಪಾಡುತ್ತದೆ. ಜೊತೆಗೆ ಅಲ್ಲಿ ಬಿಸಿಲಿಲ್ಲ, ನೇಗಿಲಿಲ್ಲ. ಬಿಲದೊಳಗೆ ಬಿದ್ದ ದನ, ಕತ್ತೆಕಿರುಬ ಎಳೆದು ತಂದ ಬೇಟೆ, ಮುಳ್ಳುಹಂದಿ ಕಡಿಯಲು ಕೂಡಿಟ್ಟ ಎಲುಬು, ಗೂಬೆ ಉಗುಳಿದ ಇಲಿಯ ಮೂಳೆ, ಎಲ್ಲವೂ ಪದರ ಪದರವಾಗಿ ಕೂತಿರುತ್ತದೆ.

ಅಪ್ಪ, ಮಗ ಮತ್ತು ಚಾವಣಿ ಬಿದ್ದ ಗುಹೆ

ಇದು ಗೊತ್ತಿದ್ದೇ ಯುರೋಪಿನವರು ಗುಹೆಗಳನ್ನು ಅಗೆಯುತ್ತಿದ್ದರು. ಭಾರತದಲ್ಲೂ ಅಗೆದರೆ ಆದಿಮಾನವನ ಎಲುಬು ಸಿಗಬಹುದು ಎಂಬ ಆಸೆ ಡಾರ್ವಿನ್ ಪರವಾಗಿ ವಾದಿಸಿ ಹೆಸರಾಗಿದ್ದ ಥಾಮಸ್ ಹಕ್ಸ್‌ಲಿಗೆ ಇತ್ತು. ಅವರ ಸಲಹೆ ಮದ್ರಾಸ್ ಗವರ್ನರ್ ಗ್ರ್ಯಾಂಟ್ ಡಫ್‌ಗೆ ತಲುಪಿತು. ಕರ್ನೂಲು ಸೀಮೆಯ ಬೇತಂಚೆರ್ಲದ ಹತ್ತಿರ ಬಿಲ್ಲ ಸುರ್ಗಂ ಎಂಬ ಗುಹೆಗಳಲ್ಲಿ ಪಳೆಯುಳಿಕೆ ಇದೆ ಎಂದು ಕ್ಯಾಪ್ಟನ್ ನ್ಯೂಬೋಲ್ಡ್ 1844ರಲ್ಲೇ ಬರೆದಿಟ್ಟಿದ್ದರು. 40 ವರ್ಷ ಅದನ್ನು ಯಾರೂ ಮುಂದುವರಿಸಿರಲಿಲ್ಲ. 1883ರಲ್ಲಿ ಆ ಕೆಲಸ ಫೂಟ್ ಪಾಲಿಗೆ ಬಂತು. ಆಗ ಅವರಿಗೆ 49 ವರ್ಷ.

ಬಿಲ್ಲ ಸುರ್ಗಂ ಈಗ ಪೂರ್ತಿ ಗುಹೆಯಾಗಿ ಉಳಿದಿಲ್ಲ. ಎಂದೋ ಚಾವಣಿ ಕುಸಿದು, ಎರಡೂ ಕಡೆ ಗೋಡೆಯಂತೆ ನಿಂತ ಸುಣ್ಣಕಲ್ಲಿನ ನಡುವೆ ಆಳದ ಕಂದಕಗಳಾಗಿವೆ. ಪಕ್ಕಗಳಲ್ಲಿ ಉಳಿದ ಗುಹೆಗಳು ತೆರೆದುಕೊಂಡಿವೆ. ಕ್ಯಾಥೆಡ್ರಲ್, ಪರ್ಗೆಟರಿ, ಚಾರ್ನೆಲ್ ಹೌಸ್ ಎಂದು ಆ ಕಾಲದ ಇಂಗ್ಲಿಷ್ ಹೆಸರುಗಳು. ಚಾರ್ನೆಲ್ ಹೌಸ್ ಎಂದರೆ ಎಲುಬಿನ ಮನೆ. ಫೂಟ್ ಆರಂಭಿಸಿದ ಅಗೆತವನ್ನು ಅವರ ಮಗ, ಸೈನ್ಯದಲ್ಲಿ ಲೆಫ್ಟಿನೆಂಟ್ ಆಗಿದ್ದ ಹೆನ್ರಿ, 1885ರವರೆಗೆ ಮುಂದುವರಿಸಿದರು. ಬೇಲಂ ದಾಖಲೆಗೆ ಬಂದದ್ದು ಇದೇ ದಿನಗಳಲ್ಲಿ.

ಇಲ್ಲಿ ಸ್ವಲ್ಪ ನಿಲ್ಲೋಣ. ಚಿತ್ರದುರ್ಗದ ಕೋಟೆ ಗೋಡೆ ಏರುವ ವಿಡಿಯೊ ನೋಡಿ ಬೆಳೆದ ನಮಗೆ ಬಂಡೆ ಏರುವುದು ಎಂದರೆ ಗ್ರಾನೈಟು. ಒಣಗಿದ, ಗಟ್ಟಿ, ಒರಟಾದ, ಬೆರಳಿಗೆ ಹಿಡಿತ ಕೊಡುವ ಕಲ್ಲು. ಸುಣ್ಣಕಲ್ಲಿನ ಗುಂಡಿಯೊಳಗಿನ ಗೋಡೆಯ ಸ್ವಭಾವವೇ ಬೇರೆ. ನೀರು ಸವೆಸಿ ನುಣುಪಾಗಿಸಿದ ಮೈಗೆ ಜೇಡಿಮಣ್ಣಿನ ತೆಳುವಾದ ಲೇಪ ಇರುತ್ತದೆ, ಬೂಟು ನಿಲ್ಲುವುದಿಲ್ಲ. ಕೆಲವೆಡೆ ನೀರು ಕೊರೆದ ಅಂಚು ಹಗ್ಗ ಕುಯ್ಯುವಷ್ಟು ಹರಿತ. ಗುಂಡಿಯ ಬಾಯಿಯಲ್ಲಿ ಸಡಿಲ ಕಲ್ಲು ಕೂತಿರುತ್ತದೆ, ಮೇಲೆ ನಿಂತವನ ಕಾಲು ತಗುಲಿದರೆ ಅದು ಬೀಳುವುದು ಕೆಳಗಿರುವವನ ತಲೆಯ ಮೇಲೆ. ಎಲ್ಲಕ್ಕಿಂತ ಮುಖ್ಯವಾದದ್ದು ಕ್ರಮ. ಬೆಟ್ಟ ಹತ್ತುವವನಿಗೆ ಸುಸ್ತಾದರೆ ಅರ್ಧಕ್ಕೇ ಇಳಿದುಬರಬಹುದು. ಬಿಲ ಇಳಿದವನು ಸುಸ್ತಾದ ಮೇಲೂ ಹತ್ತಲೇಬೇಕು. ಇಂಥಲ್ಲಿ ಇಳಿಯುವ ತರಬೇತಿ ಪಡೆದವರು ಹಗ್ಗವನ್ನು ಅಂಚಿಗೆ ತಾಗದಂತೆ ಕಟ್ಟುವುದು, ಹೆಲ್ಮೆಟ್ ಇಲ್ಲದೆ ಇಳಿಯದಿರುವುದು, ಮೇಲೆ ಒಬ್ಬರನ್ನು ನಿಲ್ಲಿಸಿ ಹೋಗುವುದು ಇದಕ್ಕೇ.

ಇದರ ಜೊತೆಗೇ ಸುತ್ತುವ ಇನ್ನೊಂದು ಸಲಹೆ ಅಪಾಯದ್ದು. ದೀಪ ಕಟ್ಟಿ ಇಳಿಬಿಡಿ, ಆರದಿದ್ದರೆ ಧೈರ್ಯವಾಗಿ ಇಳಿಯಿರಿ ಎಂಬುದು. ದೀಪ ಆರಿದರೆ ಇಳಿಯಬಾರದು ಎನ್ನುವುದು ಸರಿ. ಆರಲಿಲ್ಲ ಎಂದ ಮಾತ್ರಕ್ಕೆ ಇಳಿಯಬಹುದು ಎನ್ನುವುದು ತಪ್ಪು. ಜ್ವಾಲೆ ಆರುವುದು ಆಮ್ಲಜನಕ ಶೇ 21ರಿಂದ ಶೇ 16-17ರ ಆಸುಪಾಸಿಗೆ ಇಳಿದಾಗ. ಬಾವಲಿ ಹಿಕ್ಕೆ, ಕೊಳೆತ ಎಲೆ, ಮಣ್ಣಿನಿಂದ ಬರುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಗಾಳಿಯಾಡದ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಅದು ಶೇ 4-5ಕ್ಕೆ ಬಂದರೆ ಏದುಸಿರು, ತಲೆನೋವು, ಗೊಂದಲ ಶುರುವಾಗುತ್ತವೆ, ದೀಪ ಇನ್ನೂ ಉರಿಯುತ್ತಿರಬಹುದು. ಒಳಚರಂಡಿ, ಗೊಬ್ಬರದ ಗುಂಡಿಯಲ್ಲಿನ ಹೈಡ್ರೋಜನ್ ಸಲ್ಫೈಡ್ ತೀರಾ ಕಡಿಮೆ ಪ್ರಮಾಣದಲ್ಲೇ ಕೊಲ್ಲುತ್ತದೆ, ದೀಪ ಅದರ ಸುಳಿವನ್ನೂ ಕೊಡುವುದಿಲ್ಲ. ಮಿಥೇನ್ ಇದ್ದರೆ ದೀಪವೇ ಬೆಂಕಿ ಹಚ್ಚುತ್ತದೆ. ಬಾವಿಗೆ ಇಳಿದವನನ್ನು ಎತ್ತಲು ಹೋಗಿ ಹಿಂದೆಯೇ ಇಳಿದವರೂ ಸಾಯುವುದು ನಮ್ಮ ಹಳ್ಳಿಗಳ ಸುದ್ದಿ. ಅನಿಲ ಅಳೆಯುವ ಮೀಟರ್, ಉಸಿರಾಟದ ಉಪಕರಣ ಇರುವ ಅಗ್ನಿಶಾಮಕ ದಳದವರು ಬರುವ ತನಕ ಯಾರೂ ಇಳಿಯಬಾರದು. ನಂಬರ್ 112.

ಬಿಲ್ಲ ಸುರ್ಗಂಗೆ ವಾಪಸಾಗೋಣ. ಹಕ್ಸ್‌ಲಿ ಬಯಸಿದ ಆದಿಮಾನವ ಸಿಗಲಿಲ್ಲ. ಸಿಕ್ಕಿದ್ದು ಪ್ರಾಣಿಗಳು. ರಿಚರ್ಡ್ ಲಿಡೆಕ್ಕರ್ 1886ರಲ್ಲಿ ಅವುಗಳನ್ನು ವಿವರಿಸಿ ಬರೆದರು. ಅದರಲ್ಲಿ ಘೇಂಡಾಮೃಗ ಇತ್ತು, ಬಬೂನ್ ಜಾತಿಯ ಕೋತಿ ಇತ್ತು, ದೊಡ್ಡ ಚಿಪ್ಪುಹಂದಿ ಇತ್ತು, ಇವತ್ತು ಆಫ್ರಿಕಾದಲ್ಲಿ ಮಾತ್ರ ಕಾಣುವ ಚುಕ್ಕೆಯ ಕತ್ತೆಕಿರುಬ ಇತ್ತು. ಕೆಲವು ಎಲುಬಿನ ತುಂಡುಗಳು ಮನುಷ್ಯ ಕೆತ್ತಿದ ಉಪಕರಣಗಳು ಎಂದು ಫೂಟ್ ನಂಬಿದ್ದರು. ಆ ಬಗ್ಗೆ ನಂತರದವರಲ್ಲಿ ಒಮ್ಮತವಿಲ್ಲ, ಯಾಕೆಂದರೆ ಮುಳ್ಳುಹಂದಿಯ ಹಲ್ಲು ಕೂಡ ಎಲುಬನ್ನು ಚೂಪು ಮಾಡುತ್ತದೆ.

ದೊಡ್ಡ ಫಲ ಬಂದದ್ದು 130 ವರ್ಷದ ಮೇಲೆ. ಅದೇ ಗುಹೆಗಳನ್ನು ಮತ್ತೆ ಅಗೆದು ಕಾಲ ಅಳೆದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿ ಗುರುತಿಸಿದ 21 ಬಗೆಯ ಸಸ್ತನಿಗಳಲ್ಲಿ 20 ಕಳೆದ 2 ಲಕ್ಷ ವರ್ಷ ಈ ಉಪಖಂಡದಲ್ಲಿ ಅಳಿಯದೆ ಬದುಕಿ ಬಂದಿವೆ. ಬೇರೆ ಖಂಡಗಳಲ್ಲಿ ದೊಡ್ಡ ಪ್ರಾಣಿಗಳು ಸಾಲುಸಾಲಾಗಿ ಅಳಿದ ಕಾಲ ಅದು. ಹಿಮಯುಗ, ಬರ, ಮನುಷ್ಯ, ಎಲ್ಲವನ್ನೂ ಇಲ್ಲಿನ ಪ್ರಾಣಿಗಳು ತಾಳಿಕೊಂಡಿದ್ದವು. ಒಂದು ಬಿಲದ ಮಣ್ಣು ಪದರ ಕಲಸದೆ ಉಳಿದದ್ದರಿಂದ ಇದು ತಿಳಿಯಿತು.

ವಾಲಿಯ ಬೂದಿ

ಫೂಟ್ ದಂತಕಥೆಗಳನ್ನು ಎದುರಿಸಿದ ರೀತಿ ನಮಗೆ ಇಷ್ಟ. ಬಳ್ಳಾರಿ ಸೀಮೆಯಲ್ಲಿ ಅಲ್ಲಲ್ಲಿ ಬೂದಿಯ ದಿಬ್ಬಗಳಿವೆ. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಫೂಟ್ ಈ ದಿಬ್ಬಗಳ ಬೂದಿಯನ್ನು ಪರೀಕ್ಷಿಸಿ, ಅದು ದನದ ಸಗಣಿ ಸುಟ್ಟ ಬೂದಿ ಎಂಬ ಕಡೆಗೆ ಬಂದರು. ಒಪ್ಪದವರಿದ್ದರು. 1963ರಲ್ಲಿ ರೇಮಂಡ್ ಆಲ್ಚಿನ್ ಪುಸ್ತಕ ಬರೆದು, ಹೊಸ ಶಿಲಾಯುಗದ ದನಗಾಹಿಗಳ ದೊಡ್ಡಿಗಳೇ ಇವು ಎಂದು ಅದನ್ನು ಗಟ್ಟಿ ಮಾಡಿದರು. ಎಲ್ಲ ಊಹೆಯೂ ಸರಿಯಾಗಲಿಲ್ಲ. ಹಳೆ ಶಿಲಾಯುಗದವರಿಗೂ ಹೊಸ ಶಿಲಾಯುಗದವರಿಗೂ ನಡುವೆ ದೊಡ್ಡ ಖಾಲಿ ಕಾಲ ಇತ್ತು ಎಂದು ಅವರು ಭಾವಿಸಿದ್ದರು. ಆ ಖಾಲಿಯನ್ನು ಮುಂದಿನವರು ಚಿಕ್ಕ ಚಿಕ್ಕ ಕಲ್ಲಲಗುಗಳಿಂದ ತುಂಬಿದರು. ಬಳ್ಳಾರಿಯ ಸಂಗನಕಲ್ಲು, ಕುಪ್ಪಗಲ್ಲಿನಲ್ಲಿ ಫೂಟ್ ಗುರುತಿಸಿದ ಕಲ್ಲುಕೊಡಲಿ ತಯಾರಿಸುವ ಬೆಟ್ಟಗಳ ಸುತ್ತ ಈಚೆಗೆ ಕಲ್ಲುಗಣಿಗಾರಿಕೆ ಹಾನಿ ಮಾಡಿದೆ. ನಾಲ್ಕೈದು ಸಾವಿರ ವರ್ಷ ಉಳಿದಿದ್ದ ಚಕ್ಕೆಗಳು ಜಲ್ಲಿಯಾದವು.

ಈಗ ಪಾತಾಳಗಂಗೆ. ಅದು ಬೇಲಂನ ಆಳದ ಜಾಗದಲ್ಲಿ ಹರಿಯುವ ಸಣ್ಣ ತೊರೆ, ಮುಂದೆ ಕಲ್ಲಿನ ಸಂದಿಯಲ್ಲಿ ಮರೆಯಾಗುತ್ತದೆ. ಕಾಶಿ ಕಥೆ ದೇಶದ ಅರ್ಧ ಸುರಂಗಗಳಿಗೆ ಅಂಟಿಕೊಂಡಿದೆ, ಇಲ್ಲಿಗೂ ಬಂದು ಸೇರಿದೆ. ಆದರೆ ಬೇಲಂ ಸುತ್ತಲಿನವರ ಹಳೆಯ ನಂಬಿಕೆ ಬೇರೆ. ಆ ನೀರು 2 ಕಿಲೋಮೀಟರ್ ಆಚೆಯ ತಮ್ಮೂರಿನ ಬಾವಿಗೆ ಬರುತ್ತದೆ ಎನ್ನುತ್ತಾರೆ. ಭೂವಿಜ್ಞಾನದ ದೃಷ್ಟಿಯಿಂದ ಇದು ಆಗಬಹುದಾದ ಮಾತು. ಸುಣ್ಣಕಲ್ಲಿನಲ್ಲಿ ನೀರು ಮರಳಿನಲ್ಲಿ ಸೋಸಿದಂತೆ ಇಳಿಯುವುದಿಲ್ಲ, ಕೊಳವೆಯಲ್ಲಿ ಹರಿದಂತೆ ಹರಿಯುತ್ತದೆ. ಒಂದು ಗುಂಡಿಯಲ್ಲಿ ಬಣ್ಣ ಬೆರೆಸಿ, ದೂರದ ಚಿಲುಮೆಯಲ್ಲಿ ಅದು ಬರುವುದನ್ನು ಕಾದು ನೋಡುವುದು ಇದನ್ನು ಪತ್ತೆ ಮಾಡುವ ರೂಢಿಯ ವಿಧಾನ.

ಇಷ್ಟಾಗಿಯೂ 1980ರ ದಶಕದ ಕೊನೆಯವರೆಗೆ ಬೇಲಂ ಗುಂಡಿಗಳಿಗೆ ಸುತ್ತಲಿನ ಕಸ ಸುರಿಯುತ್ತಿದ್ದರು. 1982ರ ನಂತರ ಡ್ಯಾನಿಯಲ್ ಗೆಬಾವರ್ ಮುಂದಾಳತ್ವದ ಜರ್ಮನ್ ತಂಡ ಒಳಗೆಲ್ಲ ಇಳಿದು ಅಳೆದು ನಕ್ಷೆ ಮಾಡಿತು. ಸ್ಥಳೀಯರು ಹಟ ಹಿಡಿದು ಕಸ ನಿಲ್ಲಿಸಿದರು. ಮೆಟ್ಟಿಲು, ದೀಪ, ಗಾಳಿ ಕೊಳವೆ ಬಂದು 2002ರಲ್ಲಿ ಪ್ರವಾಸಿಗರಿಗೆ ತೆರೆಯಿತು. ನಮ್ಮ ಗ್ರಾನೈಟ್ ನೆಲದಲ್ಲೂ ನೀರು ಬಿರುಕುಗಳಲ್ಲೇ ಓಡಾಡುತ್ತದೆ. ಬತ್ತಿದ ಕೊಳವೆಬಾವಿಗೆ ಸತ್ತ ನಾಯಿ, ಔಷಧದ ಡಬ್ಬಿ, ಚರಂಡಿ ನೀರು ಬಿಟ್ಟರೆ ಅದು ಪಕ್ಕದ ತೋಟದ ಬೋರಿನಲ್ಲಿ ಮೇಲೆ ಬರಬಹುದು.

ಫೂಟ್ 1891ರಲ್ಲಿ ಸರ್ವೇಕ್ಷಣಾಲಯದಿಂದ ನಿವೃತ್ತರಾದರು. ಬರೋಡ ಸಂಸ್ಥಾನಕ್ಕೆ ಭೂವಿಜ್ಞಾನಿಯಾಗಿ ಹೋದರು. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ಶುರು ಮಾಡಿದಾಗ ಅದರ ಮೊದಲ ಮುಖ್ಯಸ್ಥರಾದರು. ಆಮೇಲೆ ಯೇರ್ಕಾಡಿನ ಬೆಟ್ಟದ ಮನೆಯಲ್ಲಿ ಕೂತು, 40 ವರ್ಷ ಹೆಕ್ಕಿದ ಕಲ್ಲುಗಳಿಗೆ ಯಾವುದು ಯಾವ ಊರಿನದು ಎಂದು ಪಟ್ಟಿ ಬರೆದರು. 1904ರಲ್ಲಿ ಆ ಸಂಗ್ರಹ ಮದ್ರಾಸಿನ ಸರ್ಕಾರಿ ಮ್ಯೂಸಿಯಂ ಸೇರಿತು. 1912ರ ಡಿಸೆಂಬರ್ 29ರಂದು ಕಲ್ಕತ್ತದಲ್ಲಿ, 78ನೇ ವಯಸ್ಸಿನಲ್ಲಿ ತೀರಿಕೊಂಡರು. ಯೇರ್ಕಾಡಿನ ಚರ್ಚ್ ಅಂಗಳದಲ್ಲಿ ಅವರ ಸ್ಮಾರಕವಿದೆ. ಪಟ್ಟಿಯ ಪೂರ್ತಿ ಪುಸ್ತಕ ಹೊರಬಂದದ್ದು ಅವರು ಹೋದ ಮೇಲೆ, 1914 ಮತ್ತು 1916ರಲ್ಲಿ, ಎರಡು ಭಾಗಗಳಾಗಿ. ಚೆನ್ನೈನ ಎಗ್ಮೋರಿನ ಆ ಮ್ಯೂಸಿಯಂ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ.